106 ತಿದ್ದುಪಡಿಗೆ ಒಂದು ಲಾಂಗ್ ನೋಟ್‌ಬುಕ್: ನನ್ನ ಅನುಭವ

ದಾವಣಗೆರೆಯಲ್ಲಿ ಪಿಡಿಒ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಬಹುತೇಕರ ಬ್ಯಾಗಿನಲ್ಲಿ ಸಂವಿಧಾನ ತಿದ್ದುಪಡಿಗಳ ಒಂದು ಜೆರಾಕ್ಸ್ ಪಟ್ಟಿ ಇದ್ದೇ ಇರುತ್ತದೆ. 1ನೆಯದರಿಂದ ಶುರು ಮಾಡಿ ಉರು ಹೊಡೆಯುವುದು. 30 ದಾಟುವಷ್ಟರಲ್ಲಿ ಹಿಂದಿನವು ಅಳಿಸಿಹೋಗಿರುತ್ತವೆ. ಹೋಗಲೇಬೇಕು. 14ನೆಯದು ಪುದುಚೇರಿಯದು, 15ನೆಯದು ಹೈಕೋರ್ಟ್ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸನ್ನು 60ರಿಂದ 62ಕ್ಕೆ ಏರಿಸಿದ್ದು. ಒಂದರ ಪಕ್ಕ ಒಂದು ಕೂತಿವೆ ಅನ್ನುವುದು ಬಿಟ್ಟರೆ ಎರಡಕ್ಕೂ ಏನೂ ಸಂಬಂಧವಿಲ್ಲ. ಅದಕ್ಕೇ ನಾನು ಓದಿದ್ದು, ಈಗ ಹೇಳಿಕೊಡುವುದು, ವಿಧಿಯ (ಆರ್ಟಿಕಲ್) ಕಡೆಯಿಂದ. ಸಂಖ್ಯೆ ಕೊನೆಗೆ.

ಬೇಕಾದ್ದು 200 ಪುಟದ ಒಂದು ಲಾಂಗ್ ನೋಟ್‌ಬುಕ್, ನೀಲಿ ಮತ್ತು ಕೆಂಪು ಪೆನ್ನು, ಸಂವಿಧಾನದ ಪೂರ್ಣ ಪಠ್ಯ. ಗೈಡು ಸಾಲದು. ಪಠ್ಯದ ಅಡಿಟಿಪ್ಪಣಿಯಲ್ಲೇ ಈ ಮಾತು ಯಾವ ತಿದ್ದುಪಡಿಯಿಂದ, ಯಾವ ದಿನದಿಂದ ಸೇರಿತು ಅಂತ ಇರುತ್ತದೆ. ತಿದ್ದುಪಡಿಯಾದ ಪ್ರತಿ ವಿಧಿಗೂ ಒಂದು ಪುಟ. ನಡುವೆ ಗೆರೆ ಎಳೆದು ಎಡಕ್ಕೆ 1950ರಲ್ಲಿ ಹೇಗಿತ್ತು, ಬಲಕ್ಕೆ ಏನು ಸೇರಿತು, ಏನು ಹೋಯಿತು. ತಿದ್ದುಪಡಿಯ ಸಂಖ್ಯೆ ಮಾತ್ರ ಕೆಂಪಿನಲ್ಲಿ, ಬಲ ಅಂಚಿನಲ್ಲಿ. ಓದುವಾಗ ಆ ಅಂಚನ್ನು ಕಾಗದದಿಂದ ಮುಚ್ಚಿಕೊಳ್ಳಲು ಆಗಬೇಕು.

15ನೇ ವಿಧಿಯ ಪುಟವನ್ನೇ ನೋಡಿ. ಎಡಕ್ಕೆ ಮೂರು ಉಪವಿಧಿ: ಭೇದಭಾವ ಕೂಡದು, ಸಾರ್ವಜನಿಕ ಬಾವಿ-ಕೆರೆ-ಅಂಗಡಿಗಳಲ್ಲೂ ಕೂಡದು, ಮಹಿಳೆ-ಮಕ್ಕಳಿಗೆ ವಿಶೇಷ ಏರ್ಪಾಡು ಮಾಡಬಹುದು. ಹಿಂದುಳಿದವರ ಮಾತೇ ಇಲ್ಲ. ಮದ್ರಾಸಿನ ಕಾಲೇಜು ಸೀಟುಗಳ ಜಾತಿವಾರು ಹಂಚಿಕೆಯನ್ನು ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದೇ ವರ್ಷ, 1951ರಲ್ಲಿ, 1ನೇ ತಿದ್ದುಪಡಿ ಹಿಂದುಳಿದವರಿಗೆ ವಿಶೇಷ ಏರ್ಪಾಡಿನ 15(4) ಅನ್ನು ತಂದಿತು. ಖಾಸಗಿ ಕಾಲೇಜುಗಳ ಪ್ರವೇಶಕ್ಕೆ 15(5): 93ನೆಯದು, 2005. ಆರ್ಥಿಕವಾಗಿ ದುರ್ಬಲರಿಗೆ ಶೇ 10ರ 15(6): 103ನೆಯದು, 2019. ಈಗ ಅಂಚು ಮುಚ್ಚಿ 4, 5, 6 ಅಂತ ಬೆರಳು ಮಡಚಿದರೆ 1, 93, 103 ಬಾಯಿಗೆ ಬರುತ್ತದೆ. ಪಕ್ಕದ ಪುಟ 16ನೇ ವಿಧಿ: ಬಡ್ತಿ ಮೀಸಲಾತಿಯ 16(4ಎ)ಗೆ 77, ಬ್ಯಾಕ್‌ಲಾಗ್ ಹುದ್ದೆಯ 16(4ಬಿ)ಗೆ 81, ಬಡ್ತಿಯ ಜೊತೆ ಜ್ಯೇಷ್ಠತೆಗೆ 85. ಕೊನೆಗೆ 16(6), ಮತ್ತೆ ಅದೇ 103.

ಕೆಲವಕ್ಕೆ ಪುಟಕ್ಕಿಂತ ಸರ ಚೆನ್ನಾಗಿ ಒಪ್ಪುತ್ತದೆ. ಲೋಕಸಭೆ, ವಿಧಾನಸಭೆಗಳಲ್ಲಿ ಪರಿಶಿಷ್ಟ ಜಾತಿ-ಪಂಗಡಗಳ ಮೀಸಲು ಸ್ಥಾನಕ್ಕೆ 334ನೇ ವಿಧಿ ಮೊದಲು ಕೊಟ್ಟಿದ್ದು ಹತ್ತೇ ವರ್ಷ. ಆಮೇಲೆ ಹತ್ತತ್ತು ವರ್ಷ ಮುಂದಕ್ಕೆ ಹಾಕಿದ್ದು 8, 23, 45, 62, 79, 95, 104. ವರ್ಷಗಳನ್ನು ಬೇರೆ ಉರು ಹೊಡೆಯಬೇಕಿಲ್ಲ: 1959, 69, 89, 99, 2009, 2019. ಎಲ್ಲ 9ಕ್ಕೆ ಮುಗಿಯುತ್ತವೆ, 45 ಮಾತ್ರ 1980. ಯಾಕೆಂದರೆ 1979ರ ಆಗಸ್ಟ್‌ನಲ್ಲೇ ಲೋಕಸಭೆ ವಿಸರ್ಜನೆಯಾಗಿತ್ತು. ಜನವರಿಯಲ್ಲಿ ಚುನಾವಣೆ ಮುಗಿದ ಮೇಲೆಯೇ ತಿದ್ದುಪಡಿ ಆಗಿದ್ದು. ಕಾರಣ ಗೊತ್ತಾದರೆ ಸಾಲು ತಪ್ಪಿದ ಸಂಖ್ಯೆಯೇ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. 104ರಲ್ಲಿ ಇನ್ನೊಂದೂ ಇದೆ: ಆಂಗ್ಲೋ ಇಂಡಿಯನ್ನರ ನಾಮನಿರ್ದೇಶನವನ್ನು ಮುಂದುವರಿಸಲಿಲ್ಲ.

ಎಂಟನೇ ಅನುಸೂಚಿಯದು ಸಣ್ಣ ಸರ, ಕೂಡುವ ಲೆಕ್ಕ. ಮೊದಲು 14 ಭಾಷೆ. 21ರಲ್ಲಿ ಸಿಂಧಿ, 71ರಲ್ಲಿ ಕೊಂಕಣಿ-ಮಣಿಪುರಿ-ನೇಪಾಳಿ, 92ರಲ್ಲಿ ಬೋಡೊ-ಡೋಗ್ರಿ-ಮೈಥಿಲಿ-ಸಂತಾಲಿ. ಒಟ್ಟು 22. 96ನೆಯದು ಒಡಿಯಾದ ಹೆಸರು ತಿದ್ದಿತು, ಲೆಕ್ಕಕ್ಕೆ ಏನೂ ಸೇರಲಿಲ್ಲ.

ನಮ್ಮ ಸೀಮೆಯವರಿಗೆ ಎರಡು ತಿದ್ದುಪಡಿ ಪುಕ್ಕಟೆ ಸಿಗುತ್ತವೆ. ಒಂದು 7ನೆಯದು, 1956. ಹರಿಹರದ ತುಂಗಭದ್ರಾ ಸೇತುವೆ ಮೇಲೆ ನಿಂತುಕೊಳ್ಳಿ. ಆಗ ಈ ದಡ ಮೈಸೂರು, ‘ಬಿ’ ಭಾಗದ ರಾಜ್ಯ. ಆಚೆ ರಾಣೆಬೆನ್ನೂರಿನ ಕಡೆ ಮುಂಬಯಿ, ‘ಎ’ ಭಾಗ. ಕೊಡಗು ‘ಸಿ’. ಈ ಎ, ಬಿ, ಸಿ, ಡಿ ವಿಂಗಡಣೆ ಅಳಿಸಿದ್ದು 7ನೆಯದು. ಅದು ಜಾರಿಯಾದ ನವೆಂಬರ್ 1ಕ್ಕೇ ಒಂದಾದ ರಾಜ್ಯಕ್ಕೆ ಚಿತ್ರದುರ್ಗದ ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಇನ್ನೊಂದು 98ನೆಯದು: 371ಜೆ, ಹೈದರಾಬಾದ್ ಕರ್ನಾಟಕಕ್ಕೆ (ಈಗಿನ ಕಲ್ಯಾಣ ಕರ್ನಾಟಕ) ಶಿಕ್ಷಣ, ಉದ್ಯೋಗದಲ್ಲಿ ವಿಶೇಷ ಮೀಸಲಾತಿ. ಹರಪನಹಳ್ಳಿಯನ್ನು 2018ರಲ್ಲಿ ದಾವಣಗೆರೆ ಜಿಲ್ಲೆಯಿಂದ ಬಿಡಿಸಿ ಬಳ್ಳಾರಿಗೆ ಸೇರಿಸಿದ್ದೇ 371ಜೆ ಸವಲತ್ತಿಗಾಗಿ. (ಈಗ ಅದು ವಿಜಯನಗರ ಜಿಲ್ಲೆ.) ಆ ಕಡೆಯ ಹುಡುಗರಿಗೆ ಈ ವಿಧಿ ಕೇಳಿದರೆ ನಿದ್ದೆಯಲ್ಲೂ ಹೇಳುತ್ತಾರೆ, ಅರ್ಜಿ ತುಂಬುವಾಗೆಲ್ಲ ಬರೆಯಬೇಕಲ್ಲ.

ಈಗ ಎಡವುವ ಜಾಗಗಳು. ದೊಡ್ಡದು ಮಸೂದೆಯ ಸಂಖ್ಯೆ ಮತ್ತು ಕಾಯ್ದೆಯ ಸಂಖ್ಯೆ. ಮಸೂದೆಗೆ ಮಂಡಿಸಿದಾಗ ಸಂಖ್ಯೆ ಬೀಳುತ್ತದೆ, ಎಷ್ಟೋ ಮಸೂದೆ ಅಲ್ಲೇ ಬಿದ್ದುಹೋಗುತ್ತವೆ. ಕಾಯ್ದೆಗೆ ಬೇರೆ ಎಣಿಕೆ. ಪತ್ರಿಕೆಗಳಲ್ಲಿ ಜಿಎಸ್‌ಟಿ 122, ಕಾಯ್ದೆ 101. ನ್ಯಾಯಾಂಗ ನೇಮಕಾತಿ ಆಯೋಗ 121, ಕಾಯ್ದೆ 99. ಬಾಂಗ್ಲಾ ಗಡಿ 119, ಕಾಯ್ದೆ 100. ಮಹಿಳಾ ಮೀಸಲಾತಿ 128, ಕಾಯ್ದೆ 106. ನೋಟ್‌ಬುಕ್ಕಿನಲ್ಲಿ ಮಸೂದೆಯ ಸಂಖ್ಯೆ ಬರೆಯಲೇಬೇಡಿ. ಎರಡೂ ಬರೆದರೆ ಪರೀಕ್ಷೆಯಲ್ಲಿ ತಪ್ಪಾದದ್ದೇ ಮೊದಲು ನೆನಪಿಗೆ ಬರುವುದು.

ಎರಡನೆಯದು ಪಾಸಾದ ವರ್ಷ, ಜಾರಿಯಾದ ದಿನ. 61ನೆಯದರ ಹೆಸರಲ್ಲಿ 1988 ಇದೆ, ಮತದಾನದ ವಯಸ್ಸು 18ಕ್ಕೆ ಇಳಿದಿದ್ದು 1989ರ ಮಾರ್ಚ್ 28ರಿಂದ. ಶಿಕ್ಷಣ ಹಕ್ಕಿನ 86ನೆಯದು 2002ರದು, ಜಾರಿ 2010ರ ಏಪ್ರಿಲ್ 1. ಪಂಚಾಯಿತಿಗಳ 73ನೆಯದು 1992, ಜಾರಿ 1993ರ ಏಪ್ರಿಲ್ 24. ಸಂವಿಧಾನದ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪು ಬಂದದ್ದೂ ಏಪ್ರಿಲ್ 24ರಂದೇ, 1973ರಲ್ಲಿ. 73 ಎರಡು ಕಡೆ ಇದೆ, ಹಿಡಿದುಕೊಳ್ಳಿ.

ಮೂರನೆಯದು ಹೊಸ ರಾಜ್ಯಗಳೆಲ್ಲ ತಿದ್ದುಪಡಿಯಿಂದಲೇ ಆದವು ಅನ್ನುವ ಭ್ರಮೆ. ತೆಲಂಗಾಣ 3ನೇ ವಿಧಿಯಡಿ ಸಾಮಾನ್ಯ ಕಾಯ್ದೆಯಿಂದ ಆಯಿತು. 4ನೇ ವಿಧಿಯೇ ಅದನ್ನು 368ರ (ಸಂವಿಧಾನ ತಿದ್ದುವ ವಿಧಿ) ತಿದ್ದುಪಡಿ ಅಲ್ಲ ಅನ್ನುತ್ತದೆ. ಸಿಕ್ಕಿಂಗೆ 35, 36 ಬೇಕಾಗಿದ್ದು ಅದು ಮೊದಲು ಭಾರತದ ರಾಜ್ಯವೇ ಆಗಿರಲಿಲ್ಲವಾದ್ದರಿಂದ.

ತುರ್ತು ಪರಿಸ್ಥಿತಿಯಲ್ಲಿ ಬಂದ 42 ಮತ್ತು ಅದರ ಹಲವನ್ನು ಅಳಿಸಿದ 44ನ್ನು ಬೇರೆ ಬೇರೆ ಓದಬಾರದು. ಎದುರುಬದುರು ಪುಟದಲ್ಲಿ ಬರೆದು ಮೂರು ಗುರುತು ಹಾಕಿ: ‘ಉಳಿಯಿತು’, ‘44 ತೆಗೆಯಿತು’, ‘ಕೋರ್ಟ್ ತೆಗೆಯಿತು’. ಪೀಠಿಕೆಯ ಸಮಾಜವಾದಿ, ಜಾತ್ಯತೀತ, ಅಖಂಡತೆ ಉಳಿಯಿತು. 51ಎಯ ಹತ್ತು ಮೂಲಭೂತ ಕರ್ತವ್ಯ ಉಳಿಯಿತು (ಹನ್ನೊಂದನೆಯದು 86ರಲ್ಲಿ). ಶಿಕ್ಷಣ, ಅರಣ್ಯ ಸಮವರ್ತಿ ಪಟ್ಟಿಗೆ (ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಪಟ್ಟಿ) ಹೋದದ್ದು ಉಳಿಯಿತು. ಲೋಕಸಭೆಯ ಆರು ವರ್ಷದ ಅವಧಿ 44 ತೆಗೆಯಿತು. ತಿದ್ದುಪಡಿಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂಬ 368(4), (5) ಅನ್ನು 1980ರಲ್ಲಿ ಮಿನರ್ವ ಮಿಲ್ಸ್ ಪ್ರಕರಣದಲ್ಲಿ ಕೋರ್ಟ್ ತೆಗೆಯಿತು. ಆ ಮಿಲ್ಲು ಬೆಂಗಳೂರಿನದೇ. ಹತ್ತಿಗಿರಣಿಗಳ ಊರಿನವರು ಈ ಹೆಸರು ಮರೆಯಬಾರದು. ಕೋರ್ಟ್ ರದ್ದು ಮಾಡಿದ ಸಾಲು ಪುಸ್ತಕದಲ್ಲಿ ಹಾಗೇ ಅಚ್ಚಾಗಿರುತ್ತದೆ, ಅಡಿಟಿಪ್ಪಣಿ ನೋಡದವರು ಚಾಲ್ತಿಯಲ್ಲಿದೆ ಅಂದುಕೊಳ್ಳುತ್ತಾರೆ.

52 ಮತ್ತು 91ಕ್ಕೂ ಇದೇ ಎದುರುಬದುರು. ಪಕ್ಷದ ಶಾಸಕರಲ್ಲಿ ಮೂರನೇ ಒಂದು ಭಾಗ ಒಡೆದು ಹೋದರೆ ಪಕ್ಷಾಂತರ ಅಲ್ಲ ಎಂದಿತ್ತು 52. 91 ಅದನ್ನು ತೆಗೆದು ಸಚಿವರ ಸಂಖ್ಯೆಗೆ ಸದನದ ಬಲದ ಶೇ 15ರ ಮಿತಿ ಹಾಕಿತು. ನಮ್ಮ ವಿಧಾನಸಭೆಯ 224ಕ್ಕೆ ಲೆಕ್ಕ ಹಾಕಿ: 33.6, ಮುಖ್ಯಮಂತ್ರಿ ಸೇರಿ 34.

ಬರೆದ ಪುಟವನ್ನು ಮರುದಿನ, 3ನೇ ದಿನ, 7ನೇ ದಿನ, 21ನೇ ದಿನ ನೋಡುವುದು. ನೋಡುವುದೆಂದರೆ ಓದುವುದಲ್ಲ, ಖಾಲಿ ಹಾಳೆಯಲ್ಲಿ ವಿಧಿಯ ಸಂಖ್ಯೆ ಬರೆದು ಬಲಗಡೆಯನ್ನು ನೆನಪಿನಿಂದ ತುಂಬುವುದು. ದಿನಕ್ಕೆ ಐದು ಪುಟ ಸಾಕು. ತಪ್ಪಿದ್ದಕ್ಕೆ ಮೂಲ ಪುಟದಲ್ಲಿ ಒಂದು ಚುಕ್ಕೆ. ಮೂರು ಚುಕ್ಕೆ ಬಿದ್ದ ಪುಟಕ್ಕೆ ಕಾರಣ ಬರೆದಿಲ್ಲ ಅಂತಲೇ ಅರ್ಥ, ಅದನ್ನು ಹರಿದು ಹೊಸದಾಗಿ ಬರೆಯಿರಿ.

334ಎಗೆ ಮಾತ್ರ ಅರ್ಧ ಪುಟ ಖಾಲಿ ಬಿಡಿ. ಮಹಿಳಾ ಮೀಸಲಾತಿ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅಂತ 106ನೆಯದು ಅಲ್ಲೇ ಬರೆದಿಟ್ಟಿದೆ.