ಗಂಗಾವತಿಯಿಂದ ಕಾಠ್ಮಂಡುವಿಗೆ, ನಮ್ಮ ಹಳೇ ಬೊಲೆರೊದಲ್ಲಿ

ಕೊನೆಗೂ ಆಯಿತು. ಆರು ಜನ ಹಳೇ ಬೊಲೆರೊದಲ್ಲಿ ಗಂಗಾವತಿ ಬಿಟ್ಟು ಕಾಠ್ಮಂಡು ಮುಟ್ಟಿ, ತಂಗಿಯ ಮನೆಯಲ್ಲಿ ವಾರಕ್ಕೂ ಜಾಸ್ತಿ ಇದ್ದು, ಅದೇ ಗಾಡಿಯಲ್ಲಿ ವಾಪಸ್ ಬಂದೆವು. ಹೊರಡುವ ಮುಂಚೆ ನಮ್ಮ ಮಾವ, "ನಾಗ್ಪುರ ದಾಟೂದ್ರಾಗ ಗಾಡಿ ಕೈ ಕೊಡ್ತೈತಿ, ಬೇಕಾದ್ರ ಬರದು ಕೊಡ್ತೀನಿ" ಅಂದಿದ್ದರು. ಈಗ ಅವರೇ ದಾರಿ ಕೇಳುತ್ತಿದ್ದಾರೆ. ಸರ್ವಿಸ್, ಟೈರ್, ಫಾಸ್ಟ್ಯಾಗ್ ಇದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟು ಬರೆಯುತ್ತೇನೆ.

ಬೇರೆ ದಾರಿಗಳನ್ನೂ ನೋಡಿಯಾಗಿತ್ತು. ಒಂದು ಸಲ ಗೋರಖ್‌ಪುರದ ತನಕ ರೈಲು, ಮುಂದೆ ಬಸ್ಸು ಅಂತ ಹೋದೆವು. ಅರ್ಧ ಟಿಕೆಟ್ ವೇಟಿಂಗ್‌ನಲ್ಲೇ ಉಳಿದವು. ಗಡಿಯಿಂದ ರಾತ್ರಿ ಬಸ್ಸಿನಲ್ಲಿ ಕೂತು ಅವ್ವನ ಕಾಲು ಬಾತು, ಎರಡು ದಿನ ಹಾಸಿಗೆ ಬಿಡಲಿಲ್ಲ. ವಿಮಾನ ಕೇಳಿದರೆ ಬೆಂಗಳೂರಿನಿಂದ ಹೋಗಿ ಬರಲು ಆರು ಜನಕ್ಕೆ ಲಕ್ಷದ ನಲವತ್ತು ಸಾವಿರದ ಹತ್ತಿರ ಹೇಳಿದರು. ಆಮೇಲೆ ಒಬ್ಬ ಏಜೆಂಟ್ ಸಿಕ್ಕ. ಗಾಡಿ, ಪರ್ಮಿಟ್ ಎಲ್ಲ ನನ್ನ ಜವಾಬ್ದಾರಿ ಅಂತ ಹದಿನೈದು ಸಾವಿರ ಅಡ್ವಾನ್ಸ್ ತಗೊಂಡ. ಹೊರಡುವ ವಾರ ಫೋನ್ ಎತ್ತಲಿಲ್ಲ. ಓಡಾಡಿ ಓಡಾಡಿ ಅರ್ಧ ದುಡ್ಡು ವಾಪಸ್ ತಂದೆ.

ನಾವು ಹಿಡಿದ ದಾರಿ ಇದು: ಸಿಂಧನೂರು, ಮಾನ್ವಿ, ರಾಯಚೂರು, ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ, ಜಡಚರ್ಲಾ, ಹೈದರಾಬಾದ್ ರಿಂಗ್ ರೋಡು. ಅಲ್ಲಿಂದ ನಿರ್ಮಲ್, ಆದಿಲಾಬಾದ್, ನಾಗ್ಪುರ, ಜಬಲ್ಪುರ, ರೀವಾ, ವಾರಾಣಸಿ, ಗೋರಖ್‌ಪುರ, ಗಡಿಯ ಸೋನೌಲಿ. ಕಾಠ್ಮಂಡುವಿನ ತನಕ ಒಟ್ಟು ಎರಡು ಸಾವಿರದ ಇನ್ನೂರು ಕಿ.ಮೀ. ಆಸುಪಾಸು. ತಮ್ಮನೂ ನಾನೂ ಬದಲಾಯಿಸಿಕೊಂಡು ಓಡಿಸಿದೆವು. ಕತ್ತಲಾದ ಮೇಲೆ ಓಡಿಸಲೇ ಇಲ್ಲ. ಉತ್ತರ ಪ್ರದೇಶದಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಹಿಂದೆ ಲೈಟೇ ಇರುವುದಿಲ್ಲ. ಪೆಂಚ್ ಕಾಡಿನಲ್ಲಿ ಪ್ರಾಣಿಗಳು ಕೆಳಗೆ ದಾಟಲಿ ಅಂತ ಹೆದ್ದಾರಿಯನ್ನೇ ಮೇಲೆತ್ತಿದ್ದಾರೆ. ಮಕ್ಕಳಿಗೆ ಅದೊಂದು ಜಾತ್ರೆ.

ಎಲ್ಲಕ್ಕಿಂತ ಮುಖ್ಯ ಹೊರಡುವ ಕಾಲ. ಮಳೆಗಾಲದಲ್ಲಿ ನೇಪಾಳದ ತ್ರಿಶೂಲಿ ನದಿ ಪಕ್ಕದ ರಸ್ತೆಗೆ ಗುಡ್ಡ ಕುಸಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಗೋರಖ್‌ಪುರದ ಕಡೆ ಮಂಜು, ಮುಂದಿನ ಗಾಡಿ ಕಾಣುವುದಿಲ್ಲ. ನಮ್ಮ ದಸರಾ ಹೊತ್ತಿಗೆ ನೇಪಾಳದವರಿಗೆ ದಶೈಂ, ಬಸ್ಸುಗಳೆಲ್ಲ ತುಂಬಿರುತ್ತವೆ. ದೀಪಾವಳಿ ಆಗಿ, ಆ ಕಡೆಯವರ ಸೂರ್ಯಪೂಜೆಯ ಛಠ್ ಹಬ್ಬ ಮುಗಿದು, ನಮ್ಮಲ್ಲಿ ಭತ್ತದ ಕಟಾವು ಜೋರಾಗುವ ಮುಂಚೆ ಒಂದು ಸಂದು ಸಿಗುತ್ತದೆ. ನಾನು ಹಿಡಿದದ್ದು ಅದನ್ನೇ.

ಇನ್ನು ಕಾಗದ ಪತ್ರ. ವೀಸಾ ಬೇಡ. ಆದರೆ ದೊಡ್ಡವರು ಆಧಾರ್ ಒಂದನ್ನೇ ನಂಬಿ ಹೋಗಬೇಡಿ, ವೋಟರ್ ಕಾರ್ಡ್ ಅಥವಾ ಪಾಸ್‌ಪೋರ್ಟ್ ಇರಲಿ. ಅರವತ್ತೈದು ದಾಟಿದವರಿಗೆ, ಹದಿನೈದರ ಒಳಗಿನವರಿಗೆ ಆಧಾರ್ ನಡೆಯುತ್ತದೆ. ದೊಡ್ಡ ಮಗನಿಗೆ ಹದಿನಾರು, ಅವನಿಗೆ ಶಾಲೆಯ ಹೆಡ್‌ಮಾಸ್ಟರಿಂದ ಫೋಟೋ ಇರುವ ಪತ್ರ ಮಾಡಿಸಿದೆ. ಗಾಡಿಗೆ ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್ ಒರಿಜಿನಲ್ಲೇ ಬೇಕು. ನಮ್ಮ ಪಾಲಿಸಿ ನೇಪಾಳದಲ್ಲಿ ತಾನಾಗಿ ನಡೆಯುವುದಿಲ್ಲ. ಐನೂರು ಚಿಲ್ಲರೆ ಕಟ್ಟಿದರೆ ನೇಪಾಳವನ್ನೂ ಸೇರಿಸಿ ಬರೆದು ಕೊಡುತ್ತಾರೆ. ಇದನ್ನು ಊರಲ್ಲೇ ಮುಗಿಸಿ.

ಸೋನೌಲಿ ಗೇಟು ದಾಟಿದರೆ ಬೆಲಹಿಯಾ. ಅಲ್ಲೇ ಭನ್ಸಾರ್, ಅಂದರೆ ಅವರ ಕಸ್ಟಮ್ಸ್. ಗಾಡಿಗೆ ದಿನದ ಲೆಕ್ಕದಲ್ಲಿ ಕಟ್ಟಬೇಕು, ನಮಗೆ ದಿನಕ್ಕೆ ಅವರ ಆರುನೂರರ ಹತ್ತಿರ ಬಿತ್ತು. ರೂಟ್ ಪರ್ಮಿಟ್ ಬೇರೆ. ಎರಡು ದಿನ ಜಾಸ್ತಿಯೇ ಕಟ್ಟಿ, ಅವಧಿ ಮೀರಿದರೆ ದಂಡ. ನಮ್ಮ ನೂರಕ್ಕೆ ಅವರ ನೂರ ಅರವತ್ತು, ಇದು ಬದಲಾಗುವುದಿಲ್ಲ. ನಾನು ಬ್ಯಾಂಕಿನಿಂದ ನೂರರ ಕಟ್ಟುಗಳನ್ನೇ ತಂದಿದ್ದೆ, ಎಲ್ಲೂ ತಕರಾರಿಲ್ಲದೆ ನಡೆದವು. ಗಡಿಯಲ್ಲಿ ದಲ್ಲಾಳಿಗಳು ಗಾಡಿ ಮುತ್ತುತ್ತಾರೆ, ಒಬ್ಬ ಎರಡು ಸಾವಿರ ಕೇಳಿದ. ನಾನು ಒಂದು ಪೈಸೆ ಕೊಡದೆ ಒಂದೇ ಗಂಟೆಯಲ್ಲಿ ಚೀಟಿ ಕೈಗೆ ತಗೊಂಡೆ. ಯಾವ ಹೊತ್ತಿಗೆ ಹೋದೆ, ಯಾವ ಕೌಂಟರ್ ಮೊದಲು ಹಿಡಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗಡಿ ಪಕ್ಕದ ಊರು ಭೈರಹವಾದಿಂದ ಲುಂಬಿನಿ ಇಪ್ಪತ್ತು ಚಿಲ್ಲರೆ ಕಿ.ಮೀ., ಹೋಗಿ ನೋಡಿದೆವು. ಅಲ್ಲಿ ಅಶೋಕನ ಕಂಬ ಇದೆ. ಬುದ್ಧ ಹುಟ್ಟಿದ್ದು ಇಲ್ಲೇ, ಅದಕ್ಕೇ ಈ ಊರಿನ ತೆರಿಗೆ ಇಳಿಸಿದೆ ಅಂತ ಬ್ರಾಹ್ಮಿ ಅಕ್ಷರದಲ್ಲಿ ಕೊರೆಸಿದ್ದಾನೆ. ಮಗ ಕಂಬ ನೋಡಿ, "ಅಪ್ಪಾ, ನಮ್ಮ ಕೊಪ್ಪಳದ ಗವಿಮಠದ ಬಂಡೆ ಮ್ಯಾಲಿನ ಅಕ್ಷರನ ಅಲ್ಲೇನು?" ಅಂದ. ಹೌದು, ಅದೇ ರಾಜ, ಅದೇ ಲಿಪಿ. ಅಷ್ಟು ದೂರ ಹೋಗಿ ನಮ್ಮೂರಿನ ಸಂಬಂಧ ಸಿಕ್ಕಿದ್ದಕ್ಕೆ ಅವ್ವ ಅಲ್ಲೇ ಕೈ ಮುಗಿದಳು.

ಬುಟ್ವಲ್ ದಾಟಿದ ಮೇಲೆ ದಾವುನ್ನೆ ಗುಡ್ಡ. ರಸ್ತೆ ಅಗಲ ಮಾಡುತ್ತಿದ್ದರು, ಬರೀ ಗುಂಡಿ, ಧೂಳು. ಅಲ್ಲೇ ಹಿಂದಿನ ಬ್ಲೇಡ್ ಸೆಟ್ಟಿನ, ಅಂದರೆ ಸ್ಪ್ರಿಂಗ್ ಪಟ್ಟಿಗಳ, ಬುಷ್ ಹೋಯಿತು. ಕಟಕಟ ಸದ್ದು ಮಾಡಿಕೊಂಡೇ ನಾರಾಯಣಘಾಟ್ ಮುಟ್ಟಿದೆವು. ಅಲ್ಲಿನ ಹುಡುಗ ಗಾಡಿ ಎತ್ತುವ ಮೊದಲೇ ಯಾವ ಬುಷ್ ಅಂತ ಹೇಳಿದ. ನೇಪಾಳದ ತುಂಬಾ ಬೊಲೆರೊಗಳೇ. ಸ್ಪೇರ್ ಪಕ್ಕದ ಅಂಗಡಿಯಲ್ಲೇ ಸಿಕ್ಕಿತು, ಮೂರು ಸಾವಿರದ ಒಳಗೆ ಮುಗಿಯಿತು. ಹೊಸ ಮಾದರಿಯ ನಾಜೂಕಿನ ಗಾಡಿ ಆಗಿದ್ದರೆ ಎರಡು ದಿನ ಅಲ್ಲೇ ಕೂರಬೇಕಿತ್ತು. ಹಳೇ ಗಾಡಿ ಅಂತ ಆಡಿಕೊಂಡವರಿಗೆ ಇದೇ ನನ್ನ ಉತ್ತರ.

ದಾರಿಯಲ್ಲಿ ಒಂದು ಪ್ರಯೋಗವನ್ನೂ ಮಾಡಿದೆವು. ಜೋಳದ ಖಡಕ್ ರೊಟ್ಟಿಯನ್ನು ಒಂದು ಡಬ್ಬಿಯಲ್ಲಿ ಪೇಪರ್ ಸುತ್ತಿ, ಇನ್ನೊಂದರಲ್ಲಿ ಹಳೇ ಧೋತರ ಸುತ್ತಿ ಇಟ್ಟೆವು. ಪೇಪರಿನವು ಜಬಲ್ಪುರಕ್ಕೇ ಪುಡಿ. ಧೋತರದವು ತಂಗಿಯ ಕೈ ಸೇರುವ ತನಕ ಹಂಗೇ ಇದ್ದವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾತ್ರ ಎರಡರಲ್ಲೂ ತಡೆಯಲಿಲ್ಲ. ನನ್ನ ಹೆಂಡತಿ ಡಬ್ಬಿಯ ತಳಕ್ಕೆ ಇನ್ನೂ ಒಂದು ಹಾಕಿದ್ದಳು, ಏನು ಅಂತ ಹೇಳಬೇಡ ಅಂದಿದ್ದಾಳೆ. ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಹತ್ತು ಕೆಜಿ ಸೋನಾ ಮಸೂರಿಯನ್ನು ಭನ್ಸಾರ್‌ನವರು ಬಿಚ್ಚಿ ನೋಡಿ ಬಿಟ್ಟರು.

ಖರ್ಚು ನೆನಪಿನಿಂದ ಹೇಳುತ್ತೇನೆ: ಡೀಸೆಲ್ ಮೂವತ್ತೆರಡು ಸಾವಿರ, ಟೋಲ್ ಎಂಟೊಂಬತ್ತು, ಲಾಡ್ಜು ಹದಿನೈದು, ಭನ್ಸಾರ್ ನಮ್ಮ ದುಡ್ಡಲ್ಲಿ ನಾಲ್ಕೂವರೆ, ಊಟ ತಿಂಡಿ ಏಳು. ರಿಪೇರಿ ಸೇರಿ ಎಪ್ಪತ್ತರ ಆಸುಪಾಸು. ವಿಮಾನದ ಅರ್ಧ. ಅವ್ವನಿಗೆ ಬೇಕಾದಲ್ಲಿ ಗಾಡಿ ನಿಲ್ಲಿಸಿ ಕಾಲು ಚಾಚಿಸಿದ್ದರಿಂದ ಈ ಸಲ ಬಾವು ಬರಲಿಲ್ಲ. ಪಶುಪತಿನಾಥದ ಮೆಟ್ಟಿಲು ತಾನೇ ಇಳಿದು ಹತ್ತಿದಳು. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಅಂತ ಗೊತ್ತಾಗಿ ಅವಳ ಸಂತೋಷ ಹೇಳತೀರದು.

ಸಿಂಧನೂರಿನ ದೊಡ್ಡಪ್ಪನ ಮಗ ಮುಂದಿನ ಸಲ ತನ್ನ ಗಾಡಿಯನ್ನೂ ತರುತ್ತೇನೆ ಅನ್ನುತ್ತಿದ್ದಾನೆ. ಇನ್ಶೂರೆನ್ಸಿನಲ್ಲಿ ನೇಪಾಳ ಬರೆಸಿ ತಂದು ತೋರಿಸು, ಆಮೇಲೆ ತಾರೀಖು ಇಡೋಣ ಅಂದಿದ್ದೇನೆ.