ಗುಂಡಿ ಪಕ್ಕದ ಬೋರಲ್ಲೇ ನೈಟ್ರೇಟ್ ಕಮ್ಮಿ ಬಂದಿತ್ತು: ನನ್ನ ಅನುಭವ

ಕುಡಿಯೋ ನೀರಿಗೆ ನೈಟ್ರೇಟ್ ಎಲ್ಲಿಂದ ಬರ್ತಿದೆ ಅಂತ ಹುಡುಕೋಕೆ ಕೋಲಾರ ಕಡೆ ಒಂದು ಹಳ್ಳೀಲಿ ಎರಡು ವರ್ಷ ಓಡಾಡಿ ಮುಗಿಸಿದ ಕೆಲಸ ಇದು. ಸುಮಾರು 120 ಮನೆ, ಮುಕ್ಕಾಲು ಪಾಲು ಮನೆಗೆ ರಿಂಗ್ ಇಳಿಸಿದ ಗುಂಡಿ ಶೌಚಾಲಯ, ಹೆಚ್ಚಿನವು ಸ್ವಚ್ಛ ಭಾರತದ 12,000 ರೂಪಾಯಿ ಬಂದಾಗ ಕಟ್ಟಿಸಿದ್ದು. ನೀರಲ್ಲಿ ನೈಟ್ರೇಟ್ ಜಾಸ್ತಿ ಇದೆ ಅಂತ ಎಲ್ರಿಗೂ ಗೊತ್ತಿತ್ತು, ಆದ್ರೆ ಗುಂಡಿಯಿಂದ ಬರ್ತಿದೆ ಅಂದ್ರೆ ಯಾರೂ ಒಪ್ಪಲಿಲ್ಲ. "ಬಿಡಿ ಸಾರ್, ಟೊಮ್ಯಾಟೊ ಬೆಳೆಯೋರು ಮೂಟೆಗಟ್ಲೆ ಯೂರಿಯಾ ಸುರೀತಾರೆ, ಅದ್ರದ್ದೇ" ಅಂತ ಒಂದೇ ಮಾತು.

ಮೊದಲನೇ ಸುತ್ತು ಪೂರ್ತಿ ಹಾಳಾಯ್ತು. ಹುಡುಗರು ಬೋರ್ ಬಿಟ್ಟು ಟ್ಯಾಂಕ್ ನಲ್ಲೀಲಿ ನೀರು ಹಿಡಿದು ತಂದಿದ್ರು, ಐಸ್ ಇಲ್ದೆ ಬೈಕಲ್ಲಿ ಬಿಸಿಲಲ್ಲಿ. 28 ಸ್ಯಾಂಪಲ್, ಒಂದಕ್ಕೆ 600 ಹತ್ರ, ಅಂದ್ರೆ 17 ಸಾವಿರ ನೀರಲ್ಲಿ ಹೋಮ. ಅದಕ್ಕಿಂತ ದೊಡ್ಡ ತಪ್ಪು ಎರಡನೇ ಸುತ್ತಲ್ಲಿ ನಾನೇ ಮಾಡ್ದೆ. ಲ್ಯಾಬ್ ರಿಪೋರ್ಟಲ್ಲಿ ಲೀಟರಿಗೆ 18 ಮಿಲಿಗ್ರಾಂ ಅಂತಿತ್ತು, ನೈಟ್ರೇಟ್ ಮಿತಿ 45, ಹಂಗಾದ್ರೆ ಸೇಫ್ ಅಂತ ಪಂಚಾಯ್ತೀಲಿ ಹೇಳ್ಬಿಟ್ಟೆ. ಅದು ನೈಟ್ರೇಟಲ್ಲಿರೋ ನೈಟ್ರೋಜನ್ ಮಾತ್ರದ ಲೆಕ್ಕ, ಪೂರ್ತಿ ನೈಟ್ರೇಟ್ ಬೇಕು ಅಂದ್ರೆ 4.43ರಿಂದ ಗುಣಿಸ್ಬೇಕು, ಆಗ 80. ಮಾರನೇ ದಿನಾನೇ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ, ನೈಟ್ರೇಟ್ ಜಾಸ್ತಿ ಇದ್ರೆ ಕೂಸಿಗೇ ಹೆಚ್ಚು ಅಪಾಯ, ಆ ನೀರಲ್ಲೇ ಕೂಸಿಗೆ ಹಾಲಿನ ಪುಡಿ ಕಲಸ್ತಿದ್ರು. ಕಾಯ್ಸಿ ಕೊಡ್ತೀವಿ ಅಂದ್ರು, ಕಾಯ್ಸಿದ್ರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿ ಆಗುತ್ತೆ ಅಂತ ಕೂತು ವಿವರಿಸ್ದೆ.

ಆಮೇಲೆ ಬಂತು ತಲೆ ತಿನ್ನೋ ಸ್ಯಾಂಪಲ್. ಒಂದು ಹಳೇ ಬೋರು, ಕೇಸಿಂಗ್ ಪೈಪು (ಮೇಲಿನ ನೀರು ಒಳಗೆ ಬರ್ದಂಗೆ ತಡೆಯೋದು) 20 ಅಡಿಗೇ ನಿಲ್ಸಿದಾರೆ, ಗುಂಡಿಯಿಂದ 12 ಅಡಿ ದೂರ ಅಷ್ಟೇ, ಅದ್ರಲ್ಲಿ ನೈಟ್ರೇಟ್ ಬರೀ 8. ಅಲ್ಲಿಂದ 60 ಅಡಿ ಇಳಿಜಾರಲ್ಲಿರೋ ಇನ್ನೊಂದ್ರಲ್ಲಿ 110. ಪಕ್ಕದ್ದೇ ಚೆನ್ನಾಗಿದೆ, ಇನ್ನೇನು ನಿಮ್ ವಾದ ಅಂತ ಒಬ್ಬ ಅಧಿಕಾರಿ ನಕ್ಕುಬಿಟ್ರು. ಆದ್ರೆ ಕ್ಲೋರೈಡ್ (ನಾವು ತಿನ್ನೋ ಉಪ್ಪಿನ ಅಂಶ, ಮೂತ್ರದಲ್ಲಿ ಗುಂಡಿಗೆ ಹೋಗುತ್ತೆ) ನೋಡಿದ್ರೆ ಎರಡರಲ್ಲೂ 300 ಆಸುಪಾಸು, ಪಕ್ಕದ್ರಲ್ಲಿ ಅಮೋನಿಯಾ ಬೇರೆ. ಗುಂಡಿ ಬುಡದಲ್ಲಿ ಗಾಳಿ ಇಲ್ಲ, ಅಮೋನಿಯಾ ಅಮೋನಿಯಾ ಆಗೇ ಉಳಿಯುತ್ತೆ, ಮುಂದೆ ಗಾಳಿ ಸಿಕ್ಕಿದ ಕಡೆ ನೈಟ್ರೇಟ್ ಆಗುತ್ತೆ. ಕ್ಲೋರೈಡ್ ಮಾತ್ರ ಎಲ್ಲೂ ಮಾಯ ಆಗಲ್ಲ. ಅವತ್ತಿಂದ ನೈಟ್ರೇಟ್, ಅಮೋನಿಯಾ, ಕ್ಲೋರೈಡ್ ಮೂರನ್ನೂ ಒಂದೇ ಹಾಳೇಲಿ ಬರೀತೀನಿ. ಟೊಮ್ಯಾಟೊ ತೋಟದ ಬೋರಲ್ಲಿ ನೈಟ್ರೇಟ್ 70 ಇದ್ರೂ ಕ್ಲೋರೈಡ್ 60ರ ಮೇಲೆ ಹೋಗ್ಲಿಲ್ಲ, ಊರೊಳಗೆ ಎರಡೂ ಒಟ್ಟಿಗೆ ಏರಿತ್ತು. ಪೊಟ್ಯಾಷ್ ಹಾಕೋ ತೋಟ ಆದ್ರೆ ಹುಷಾರು, ಅದ್ರಲ್ಲೇ ಕ್ಲೋರೈಡ್ ಇರುತ್ತೆ, ಯಾವ ಮೂಟೆ ಹಾಕ್ತಾರೆ ಅಂತ ರೈತ್ರನ್ನೇ ಕೇಳಿ. ಕೆಸಿ ವ್ಯಾಲಿ ನೀರು (ಬೆಂಗಳೂರಿಂದ ಬರೋ ಸಂಸ್ಕರಿಸಿದ ಕೊಳಚೆ ನೀರು) ತುಂಬೋ ಕೆರೆ ಹತ್ರ ಮಾಡೋರು ಕೆರೆ ನೀರನ್ನೂ ಅಳೀಲೇಬೇಕು.

ಅಷ್ಟಾದ್ರೂ ನೈಟ್ರೇಟ್ ಸಗಣಿ ತಿಪ್ಪೆಯಿಂದ ಬರ್ತಿದೆ ಅಂತ ಒಂದು ವಾದ ಉಳೀತು. ಐಸೋಟೋಪ್ ಪರೀಕ್ಷೆ (ನೈಟ್ರೋಜನ್ ಪರಮಾಣುಗಳ ತೂಕ ನೋಡಿ ಮೂಲ ಹುಡುಕೋದು) ಮಾಡ್ಸಿ ಅಂದ್ರು ಒಬ್ರು, ರೇಟ್ ಕೇಳಿ ವಾಪಸ್ ಬಂದೆ, ಮಾಡ್ಸಿದ್ರೂ ನೈಟ್ರೋಜನ್ ಐಸೋಟೋಪಲ್ಲಿ ಸಗಣಿದೂ ಮನುಷ್ಯರದ್ದೂ ಬೇರೆ ಮಾಡೋದು ಕಷ್ಟ. ಅದಕ್ಕೆ ಕಲ್ಲುಪ್ಪು ಹಿಡ್ಕೊಂಡೆ, ಗುಂಡಿಗೆ ಹಾಕಿದ ಉಪ್ಪು ಬೋರಲ್ಲಿ ಕಾಣುತ್ತಾ ನೋಡೋಣ ಅಂತ. 10 ಕೆಜಿ ಕರಗಿಸಿ ಸುರಿದಾಗ ಮೀಟರ್ ಅಲ್ಲಾಡ್ಲಿಲ್ಲ. 50 ಕೆಜಿ ಮೂಟೆ ಹಾಕ್ದಾಗ ಆರನೇ ದಿನ ಇಳಿಜಾರಿನ ಬೋರಲ್ಲಿ ಇಸಿ (ವಿದ್ಯುತ್ ವಾಹಕತೆ, ನೀರಲ್ಲಿ ಉಪ್ಪು ಜಾಸ್ತಿ ಆದ್ರೆ ಏರುತ್ತೆ) 1400ರಿಂದ 1600 ದಾಟ್ತು, ಹತ್ತನೇ ದಿನ ಇಳೀತು. ಮಾಡೋರು ಸೆಪ್ಟಿಕ್ ಟ್ಯಾಂಕಿಗೆ ಸುರೀಬೇಡಿ, ಬ್ಯಾಕ್ಟೀರಿಯಾ ಸಾಯುತ್ತೆ, ಹೊರಗಿನ ಇಂಗುಗುಂಡಿಗೆ ಹಾಕಿ, ಆ ಬೋರಿನ ನೀರು ಕುಡಿಯೋರಿಗೆ ಮೊದ್ಲೇ ಹೇಳಿ. ಉಪ್ಪಿನ ಖರ್ಚು ಸಾವಿರವೂ ಆಗ್ಲಿಲ್ಲ, ಐಸೋಟೋಪಿನವ್ರು ಹೇಳಿದ ದುಡ್ಡಲ್ಲಿ ಇಡೀ ಊರಿಗೇ ಮಾಡ್ಬೋದಿತ್ತು.

ಮಳೆ ಬಿದ್ದ ಎಷ್ಟನೇ ದಿನ ಸ್ಯಾಂಪಲ್ ಹಿಡೀತೀನಿ ಅನ್ನೋದು ಮಾತ್ರ ನನ್ ಹತ್ರಾನೇ ಇರ್ಲಿ, ಅದಕ್ಕೆ ಎರಡು ಮಳೆಗಾಲ ಕಳೆದಿದೀನಿ. ಸ್ಯಾಂಪಲ್ ಹಿಡಿಯೋ ಮುಂಚೆ ಇಸಿ ಒಂದೇ ಅಂಕಿಗೆ ನಿಲ್ಲೋವರೆಗೂ ಮೋಟ್ರು ಓಡ್ಸಿ, ಅಷ್ಟು ಹೇಳ್ತೀನಿ. ನಕ್ಕಿದ್ದ ಅಧಿಕಾರಿ ಹೋದ ತಿಂಗಳು ಫೋನ್ ಮಾಡಿ ಪಕ್ಕದ ಊರಿಗೂ ಬನ್ನಿ ಅಂದ್ರು, ಉಪ್ಪಿನ ಮೂಟೆ ಅವ್ರೇ ತಂದಿಡ್ತಾರಂತೆ.