ಬೆಳಗಾವಿಯಲ್ಲಿ ಕೆಲಸಕ್ಕೆ ಹೋಗಿಬರಲು ಎಂಥ ಸೈಕಲ್ ಕೊಳ್ಳಬೇಕು

ದಿನಾಲೂ ಕೆಲಸಕ್ಕೆ ಸೈಕಲ್ ಮೇಲೆ ಹೋಗಬೇಕೆಂದಿರುವವರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ತಮ್ಮ ದಾರಿಯನ್ನು ಒಮ್ಮೆ ಗಮನವಿಟ್ಟು ನೋಡಿಕೊಳ್ಳುವುದು ಒಳ್ಳೆಯದು. ಶಹಾಪುರದಿಂದ ಉದ್ಯಮಬಾಗದ ಕಾರ್ಖಾನೆಗೆ ಹೋಗುವವರ ದಾರಿ ಬೇರೆ. ಟಿಳಕವಾಡಿಯಿಂದ ಗೋಗಟೆ ವೃತ್ತದ ರೈಲ್ವೆ ಮೇಲ್ಸೇತುವೆಯನ್ನು ಹತ್ತಿಳಿದು ಕ್ಯಾಂಪಿನ ಶಾಲೆಗೋ ಚೆನ್ನಮ್ಮ ವೃತ್ತದ ಆಚೆಯ ಕಚೇರಿಗೋ ಹೋಗುವವರ ದಾರಿ ಬೇರೆ. ಖಡೇಬಜಾರದ ಜನಸಂದಣಿಯಲ್ಲಿ ಹೆಜ್ಜೆಗೊಮ್ಮೆ ಕಾಲೂರಿ ನಿಲ್ಲಬೇಕಾದವರದು ಇನ್ನೂ ಬೇರೆ. ಆದರೆ ಈ ಮೂವರಿಗೂ ತಪ್ಪದ ಸಂಗತಿಯೊಂದಿದೆ, ಅದು ಮಳೆ.

ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿರುವ ಈ ಊರಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಟ್ಟು ಬಿಟ್ಟು ಸುರಿಯುತ್ತಲೇ ಇರುತ್ತದೆ. ವಿಜಯಪುರ, ಬಾಗಲಕೋಟೆಗಳಲ್ಲಿ ಚೆನ್ನಾಗಿ ನಡೆಯುವ ಸೈಕಲ್ ಇಲ್ಲಿ ಜುಲೈ ತಿಂಗಳಲ್ಲಿ ಮೂಲೆ ಸೇರುವುದು ಇದೇ ಕಾರಣಕ್ಕೆ. ಹಾಗಾಗಿ ಮೊದಲು ಪರೀಕ್ಷಿಸಬೇಕಾದದ್ದು ಬ್ರೇಕನ್ನು; ಬಣ್ಣ, ಗೇರುಗಳ ಮಾತು ಆಮೇಲೆ. ಹಳೆಯ ಕಪ್ಪು ರೋಡ್‌ಸ್ಟರ್ ಸೈಕಲ್ಲುಗಳ ಕಡ್ಡಿ ಬ್ರೇಕು ಉಕ್ಕಿನ ರಿಮ್ಮಿಗೆ ರಬ್ಬರನ್ನು ಒತ್ತುತ್ತದೆ. ಒಣ ರಸ್ತೆಯಲ್ಲಿ ಇದಕ್ಕೆ ಹೆಸರಿಡುವಂತಿಲ್ಲ, ಆದರೆ ಒದ್ದೆಯಾದ ನುಣುಪು ಉಕ್ಕಿನ ಮೇಲೆ ರಬ್ಬರು ಜಾರುವುದರಿಂದ ಸೈಕಲ್ ನಿಲ್ಲಲು ಬಹಳ ದೂರ ಬೇಕಾಗುತ್ತದೆ. ಅಲ್ಯೂಮಿನಿಯಂ ರಿಮ್ ಇದ್ದರೆ ಅದೇ ರಬ್ಬರು ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಡಿಸ್ಕ್ ಬ್ರೇಕು ಗಾಲಿಯ ನಡುವೆ, ಕೆಸರಿನಿಂದ ದೂರದಲ್ಲಿ ಇರುವುದರಿಂದ ಮಳೆಗಾಲಕ್ಕೆ ಇನ್ನೂ ಮೇಲು. ಆದರೆ ಅದರ ಪ್ಯಾಡುಗಳು ಸವೆದಾಗ ಬದಲಿಸಿ ಸರಿಹೊಂದಿಸಬಲ್ಲ ಮಿಸ್ತ್ರಿ ನಿಮ್ಮ ಓಣಿಯ ಆಸುಪಾಸಿನಲ್ಲಿ ಇದ್ದಾನೆಯೇ ಎಂದು ಕೇಳಿಕೊಂಡೇ ಕೊಳ್ಳಬೇಕು.

ಮಳೆಯ ಇನ್ನೊಂದು ಬೇಡಿಕೆ ಮಡ್‌ಗಾರ್ಡ್. ಈಗಿನ ಅನೇಕ ಸೈಕಲ್ಲುಗಳು ಮಡ್‌ಗಾರ್ಡ್ ಇಲ್ಲದೆಯೇ, ಇದ್ದರೂ ಗೇಣುದ್ದದ ಪ್ಲಾಸ್ಟಿಕ್ ತುಂಡಿನೊಂದಿಗೆ ಬರುತ್ತವೆ. ಈ ಊರಿನ ಕೆಂಪು ಕೆಸರು ಬಿಳಿ ಅಂಗಿಯ ಬೆನ್ನಿಗೆ ಹತ್ತಿದರೆ ಒಗೆದರೂ ಸುಲಭವಾಗಿ ಹೋಗುವುದಿಲ್ಲ. ಪೂರ್ಣ ಉದ್ದದ ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಜೋಡಿಸಲು ಚೌಕಟ್ಟಿನಲ್ಲಿ ಸ್ಕ್ರೂ ತೂತುಗಳಿವೆಯೇ ಎಂದು ಬಗ್ಗಿ ನೋಡಬೇಕು. ಸೀರೆ, ಚೂಡಿದಾರ ಅಥವಾ ಅಗಲ ಪ್ಯಾಂಟು ತೊಡುವವರಿಗೆ ಚೈನನ್ನು ಪೂರ್ತಿ ಮುಚ್ಚುವ ಕವರ್ ಅಗತ್ಯ. ಅದು ಚೈನಿಗೆ ತುಕ್ಕು ಹಿಡಿಯುವುದನ್ನೂ ತಡೆಯುತ್ತದೆ.

ಅಳತೆಯ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ನಿಮ್ಮ ಕಾಲನ್ನು ನಂಬಿರಿ. ಸೀಟಿನ ಮೇಲೆ ಕುಳಿತು, ಪೆಡಲನ್ನು ತೀರ ಕೆಳಕ್ಕೆ ಇಳಿಸಿ, ಅದರ ಮೇಲೆ ಹಿಮ್ಮಡಿ ಊರಿದಾಗ ಮೊಣಕಾಲು ನೆಟ್ಟಗಾದರೆ ಸೀಟಿನ ಎತ್ತರ ಸರಿಯಾಗಿದೆ. ಆಮೇಲೆ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಇಷ್ಟು ಎತ್ತರಿಸಲು ಸೀಟಿನ ಕೊಳವೆಯನ್ನು ಅದರ ಮೇಲಿನ ಗರಿಷ್ಠ ಎತ್ತರದ ಗುರುತು ದಾಟಿ ಎಳೆಯಬೇಕಾಗಿ ಬಂದರೆ ಚೌಕಟ್ಟು ಚಿಕ್ಕದಾಯಿತೆಂದೇ ಅರ್ಥ.

ಗೇರಿನ ಬಗ್ಗೆ ಸಣ್ಣ ಲೆಕ್ಕವೊಂದು ಸಾಕು. ಮುಂದೆ 44, ಹಿಂದೆ 18 ಹಲ್ಲುಗಳಿರುವ 28 ಇಂಚಿನ ಸಾದಾ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಹಿಂದೆ 28 ಹಲ್ಲಿನ ಗೇರಿದ್ದರೆ ಸುಮಾರು ಮೂರೂವರೆ ಮೀಟರ್ ಮಾತ್ರ ಸಾಗುತ್ತದೆ, ಅಂದರೆ ಮೇಲ್ಸೇತುವೆಯ ಏರನ್ನು ಇಳಿಯದೆ ಹತ್ತಬಹುದು. ಉದ್ಯಮಬಾಗದ ಕಡೆ ಹೋಗುವವರಿಗೆ ಏರಿಗಿಂತ ಗಾಳಿಯೇ ದೊಡ್ಡ ಕಾಟ: ಮಳೆಗಾಲದ ಪಡುವಣ ಗಾಳಿ ಖಾನಾಪುರ ರಸ್ತೆಯಲ್ಲಿ ಮುಂಜಾನೆ ಎದೆಗೇ ಬಡಿಯುತ್ತದೆ, ಸಂಜೆ ಮರಳುವಾಗ ಬೆನ್ನಿಗೆ ಬರುತ್ತದೆ. ಅಲ್ಲಿಗೂ ಹಗುರ ಗೇರು ಬೇಕು. ಇಪ್ಪತ್ತೊಂದು ಗೇರುಗಳ ಆಡಂಬರ ಮಾತ್ರ ಬೇಕಿಲ್ಲ. ಹಿಂದಿನ ಆರೇಳು ಗೇರುಗಳು ಧಾರಾಳವಾಗಿ ಸಾಕು. ಮನೆಯಲ್ಲಿ ಗಟ್ಟಿಮುಟ್ಟಾದ ಸಾದಾ ಸೈಕಲ್ ಈಗಾಗಲೇ ಇದ್ದವರು 18 ಹಲ್ಲಿನ ಫ್ರೀವೀಲ್ (ಹಿಂಗಾಲಿಯ ಹಲ್ಲುಚಕ್ರ) ತೆಗೆಸಿ 20ರದ್ದನ್ನು ಹಾಕಿಸಿ ನೋಡಬಹುದು. ತುಳಿತ ಹತ್ತನೆಯ ಒಂದು ಭಾಗ ಹಗುರಾಗುತ್ತದೆ, ಹೊಸ ಸೈಕಲ್ಲಿನ ಖರ್ಚು ಉಳಿದರೂ ಉಳಿದೀತು.

ದಪ್ಪ ಸ್ಪ್ರಿಂಗ್ ಶಾಕ್ ಅಳವಡಿಸಿದ ಅಗ್ಗದ ಸೈಕಲ್ಲುಗಳು ನೋಡಲು ಚೆಂದ, ಆದರೆ ಆ ಶಾಕ್ ಸೈಕಲ್ಲಿನ ತೂಕ ಹೆಚ್ಚಿಸುತ್ತದೆ, ತುಳಿದ ಬಲವನ್ನು ತಿನ್ನುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಬಿಗಿಯುತ್ತದೆ. ತಗ್ಗು ಬಿದ್ದ ರಸ್ತೆಗೆ ತಕ್ಕ ಉತ್ತರ 35ರಿಂದ 40 ಮಿಲಿಮೀಟರ್ ಅಗಲದ ಟಾಯರು. ಗಾಳಿಯ ಒತ್ತಡವನ್ನು ಅದರ ಮಗ್ಗುಲಲ್ಲಿ ಬರೆದಿರುವ ಮಿತಿಯೊಳಗೆ ಇಡಬೇಕು. ರೇಸ್ ಸೈಕಲ್ಲಿನ ತೆಳು ಟಾಯರು ಕೆಲಸಕ್ಕೆ ಹೋಗುವವರಿಗಲ್ಲ. ಚೌಕಟ್ಟು ಉಕ್ಕಿನದಾಗಿದ್ದರೆ ಸ್ವಲ್ಪ ಭಾರ ನಿಜ, ಆದರೆ ಬಿರುಕು ಬಿಟ್ಟರೆ ಬೆಸುಗೆ ಹಾಕಬಲ್ಲವರು ಸುಲಭವಾಗಿ ಸಿಗುತ್ತಾರೆ. ಅಲ್ಯೂಮಿನಿಯಮ್ಮಿಗೆ ಆ ಅನುಕೂಲ ಕಡಿಮೆ.

ಬೆಲೆ ಕೇಳುವಾಗ, 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದನ್ನು ನೆನಪಿಡಿ. ಹಳೆಯ ಸರಕಿನ ಮೇಲೆ ಹಳೆಯ ಬೆಲೆಯ ಚೀಟಿಯೇ ಇರಬಹುದು. ಬೀಗ, ಗಂಟೆ, ಮುಂದೊಂದು ಹಿಂದೊಂದು ದೀಪ, ಇವಕ್ಕೂ ಹಣ ತೆಗೆದಿಟ್ಟೇ ಚೌಕಾಶಿಗೆ ಇಳಿಯಿರಿ. ಹೊಸ ಗಾಲಿಯ ಕಡ್ಡಿಗಳು ಮೊದಲ ಕೆಲವು ವಾರಗಳಲ್ಲಿ ಸಡಿಲಗೊಳ್ಳುವುದರಿಂದ ಒಮ್ಮೆ ಪುಕ್ಕಟೆಯಾಗಿ ಬಿಗಿಸಿಕೊಡುವಂತೆ ಖರೀದಿಯ ಹೊತ್ತಿಗೇ ಮಾತಾಡಿಕೊಳ್ಳಿ. ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಸೈಕಲ್ ಕಳುವಾದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಲು ಅದು ಬೇಕಾಗುತ್ತದೆ.